ದೇಶದ ಭದ್ರತೆ ಅರಸೀಕೆರೆ ಠಾಣೆಯಿಂದಲೇ ಆರಂಭ

ದೇಶದ ಭದ್ರತೆ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಕಾಶ್ಮೀರದ ಹಿಮ, ಮುಳ್ಳುತಂತಿಯ ಬೇಲಿ ಮತ್ತು ಬಂದೂಕು ಹಿಡಿದು ನಿಂತ ಯೋಧ. ಹರಪನಹಳ್ಳಿ ತಾಲೂಕಿನ ಅರಸೀಕೆರೆಯ ಪೊಲೀಸ್ ಠಾಣೆ ಯಾರ ನೆನಪಿಗೂ ಬರುವುದಿಲ್ಲ. ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್ ಇರುವ ಅರಸೀಕೆರೆ ಇದಲ್ಲ. ಇದು ಈಗಿನ ವಿಜಯನಗರ ಜಿಲ್ಲೆಯ ಒಂದು ಹೋಬಳಿ ಕೇಂದ್ರ, ಮಳೆಯನ್ನೇ ನಂಬಿದ ಬಯಲುಸೀಮೆಯ ಊರು. ಆದರೂ ದೇಶದ ಒಳಗಿನ ಭದ್ರತೆಯ ಪ್ರಶ್ನೆಗೆ ಉತ್ತರ ಹುಡುಕುವವರು ದೆಹಲಿಗೆ ಹೋಗುವ ಮೊದಲು ಇಂತಹ ಠಾಣೆಯ ಮೆಟ್ಟಿಲು ಹತ್ತಬೇಕು.

ಕಾರಣ ಸರಳವಾಗಿದೆ. ನಮ್ಮ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಸಾರ್ವಜನಿಕ ಸುವ್ಯವಸ್ಥೆ ಮತ್ತು ಪೊಲೀಸ್ ಎರಡೂ ರಾಜ್ಯಗಳ ಪಟ್ಟಿಯಲ್ಲಿವೆ. ಗಡಿ ಕಾಯುವುದು ಕೇಂದ್ರದ ಕೆಲಸ, ಊರು ಕಾಯುವುದು ರಾಜ್ಯದ ಕೆಲಸ. ಊರಿಗೆ ಹೊಸಬರು ಬಂದು ಬಾಡಿಗೆ ಮನೆ ಹಿಡಿದರೆ, ಕಲ್ಲುಕೋರೆಯಿಂದ ಸ್ಫೋಟಕ ಕಾಣೆಯಾದರೆ, ಎರಡು ಕೇರಿಗಳ ನಡುವೆ ಮಾತು ನಿಂತುಹೋದರೆ, ಅದು ಮೊದಲು ತಿಳಿಯಬೇಕಾದದ್ದು ಬೀಟ್ ಪೊಲೀಸನಿಗೆ. ಅವನಿಗೆ ತಿಳಿಯದ್ದು ದೆಹಲಿಗೂ ತಿಳಿಯುವುದಿಲ್ಲ.

ಅರಸೀಕೆರೆಯಲ್ಲಿ ಭದ್ರತೆ ಎಂದರೇನು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ - ಈ ಐದು ತಾಲೂಕುಗಳ ಜನರಿಗೆ ಅಭದ್ರತೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಊರೂರುಗಳಿಂದ, ತಾಂಡಾಗಳಿಂದ ಕುಟುಂಬಗಳು ಗುಳೆ ಹೋಗುತ್ತವೆ. ಮನೆಯಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ಹರಪನಹಳ್ಳಿ ತಾಲೂಕಿನ ಉಚ್ಚಂಗಿದುರ್ಗದಲ್ಲಿ ಭರತ ಹುಣ್ಣಿಮೆ ಬಂತೆಂದರೆ ಅಧಿಕಾರಿಗಳು ಜಾತ್ರೆಯಲ್ಲಿ ಕಾವಲು ಹಾಕುತ್ತಾರೆ. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡುವುದನ್ನು ನಿಷೇಧಿಸುವ ಕಾನೂನು ರಾಜ್ಯದಲ್ಲಿ 1982ರಲ್ಲೇ ಬಂದಿದ್ದರೂ ಆ ಕಾವಲು ಇನ್ನೂ ಬೇಕಾಗಿದೆ. ಕೊಟ್ಟೂರಿನ ರಥೋತ್ಸವಕ್ಕೆ, ಹಡಗಲಿ ತಾಲೂಕಿನ ಮೈಲಾರದ ಕಾರಣಿಕಕ್ಕೆ ಲಕ್ಷಾಂತರ ಜನ ಸೇರುತ್ತಾರೆ. ಆ ಜನಸಾಗರವನ್ನು ನಿಭಾಯಿಸುವವರೂ ಇದೇ ಠಾಣೆಗಳ ಪೇದೆಗಳು.

ಅರಸೀಕೆರೆಯ ಠಾಣೆಯ ಕತೆಯೂ ಗಮನಿಸತಕ್ಕದ್ದು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಹರಪನಹಳ್ಳಿ ತಾಲೂಕು ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು. ಜನರ ದೀರ್ಘ ಹೋರಾಟದ ಬಳಿಕ ಮತ್ತೆ ಬಳ್ಳಾರಿಗೆ ಸೇರಿತು. 2021ರಲ್ಲಿ ವಿಜಯನಗರ ಜಿಲ್ಲೆ ಅಸ್ತಿತ್ವಕ್ಕೆ ಬಂದಾಗ ಅದರ ಪಾಲಾಯಿತು. ಜಿಲ್ಲೆ ಬದಲಾದಾಗಲೆಲ್ಲ ವರದಿ ಒಪ್ಪಿಸಬೇಕಾದ ಎಸ್‌ಪಿ ಕಚೇರಿ ಬದಲಾಗುತ್ತದೆ. ಬದಲಾಗದೆ ಉಳಿಯುವುದು ಠಾಣೆಯ ಬಾಗಿಲಲ್ಲಿ ದೂರು ಹಿಡಿದು ನಿಂತ ಬಡವರು. ಅವರಿಗೆ ಸರಕಾರ ಎಂದರೆ ಬಾಗಿಲಲ್ಲಿ ನಿಂತ ಪೇದೆ. ಅವನು "ಏನಮ್ಮಾ, ಕೂತ್ಕೋ" ಎಂದರೆ ಸರಕಾರ ಅವರದ್ದು. "ನಾಳೆ ಬಾ" ಎಂದರೆ ಅದು ಬೇರೆ ಯಾರದ್ದೋ.

ಬಾಂಬಿನ ಜಾಡು ಠಾಣೆಗೇ ಬರುತ್ತದೆ

ಇದೆಲ್ಲ ಸಣ್ಣಪುಟ್ಟ ಊರ ಪೊಲೀಸ್ ಕೆಲಸ, ಉಗ್ರವಾದಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. 2008ರ ನವೆಂಬರ್ 26ರ ರಾತ್ರಿ ಮುಂಬೈ ಮೇಲೆ ನಡೆದ ದಾಳಿಯನ್ನು ನೆನೆಯೋಣ. ಅಂದು ಜೀವಂತವಾಗಿ ಸೆರೆಸಿಕ್ಕ ಉಗ್ರ ಒಬ್ಬನೇ. ಗಿರ್ಗಾಂವ್ ಚೌಪಾಟಿಯಲ್ಲಿ ಅವನ ಬಂದೂಕಿನ ನಳಿಕೆಯನ್ನು ಬರಿಗೈಯಲ್ಲಿ ಹಿಡಿದು, ಗುಂಡುಗಳನ್ನು ತನ್ನ ಮೈಮೇಲೆ ತೆಗೆದುಕೊಂಡವರು ಕಮಾಂಡೊ ಅಲ್ಲ, ಮುಂಬೈ ಪೊಲೀಸ್ ಠಾಣೆಯೊಂದರ ಸಹಾಯಕ ಸಬ್ ಇನ್‌ಸ್ಪೆಕ್ಟರ್ ತುಕಾರಾಂ ಓಂಬ್ಳೆ. ಅವರ ಕೈಯಲ್ಲಿದ್ದದ್ದು ಲಾಠಿ. ದೇಶ ಅವರಿಗೆ ಮರಣೋತ್ತರ ಅಶೋಕ ಚಕ್ರ ನೀಡಿತು. ಆ ದಾಳಿಯ ಬಳಿಕ ರಾಷ್ಟ್ರೀಯ ತನಿಖಾ ಸಂಸ್ಥೆ, ಅಂದರೆ ಎನ್‌ಐಎ ಹುಟ್ಟಿಕೊಂಡಿತು. ಅದು ಬೇಕಾಗಿತ್ತು. ಆದರೆ ಎನ್‌ಐಎ ಬರುವುದು ಸಾಮಾನ್ಯವಾಗಿ ಘಟನೆಯ ನಂತರ. ಘಟನೆಯ ಮುಂಚೆ ಊರಿನಲ್ಲಿ ಇರುವವನು ಪೇದೆ.

ಅರಸೀಕೆರೆಯ ನೆರೆಯ ಬಳ್ಳಾರಿಯನ್ನೇ ನೋಡಿ. 2023ರ ಡಿಸೆಂಬರ್ 18ರಂದು ಎನ್‌ಐಎ ನಾಲ್ಕು ರಾಜ್ಯಗಳ 19 ಕಡೆ ದಾಳಿ ನಡೆಸಿ 8 ಮಂದಿಯನ್ನು ಬಂಧಿಸಿತು. ಐಸಿಸ್ ನಂಟಿನ ಆ ಗುಂಪಿಗೆ ಅದು ಕೊಟ್ಟ ಹೆಸರು "ಬಳ್ಳಾರಿ ಮಾಡ್ಯೂಲ್". 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟವಾದಾಗಲೂ ಶಂಕಿತ ಬಸ್ಸು ಹಿಡಿದು ಬಳ್ಳಾರಿಯತ್ತ ಹೋಗಿದ್ದನೆಂದು ವರದಿಯಾಗಿ, ತನಿಖಾಧಿಕಾರಿಗಳು ಅಲ್ಲಿಗೆ ಧಾವಿಸಿದ್ದರು.

ನಮ್ಮ ಮಂಗಳೂರಿನಲ್ಲಿ 2022ರ ನವೆಂಬರ್ 19ರಂದು ನಾಗುರಿ ಬಳಿ ಆಟೊರಿಕ್ಷಾದಲ್ಲಿ ಕುಕ್ಕರ್ ಬಾಂಬ್ ಸ್ಫೋಟಿಸಿತು. ಆರೋಪಿ ಮೈಸೂರಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ. ಬೇರೊಬ್ಬರು ಕಳೆದುಕೊಂಡಿದ್ದ ಆಧಾರ್ ಕಾರ್ಡ್ ಬಳಸಿದ್ದ. 2020ರಲ್ಲಿ ಮಂಗಳೂರಿನ ಗೋಡೆಬರಹ ಪ್ರಕರಣದಲ್ಲಿ ಬಂಧಿತನಾಗಿ ಜಾಮೀನಿನ ಮೇಲೆ ಹೊರಬಂದವನೂ ಆಗಿದ್ದ. ಇಲ್ಲಿ ಕಣ್ಣು ತಪ್ಪಿದ್ದು ಉಪಗ್ರಹದ್ದಲ್ಲ, ಗಸ್ತಿನದ್ದು. ಗಸ್ತು ತಿರುಗುವ ಪೇದೆಗೆ ತನ್ನ ಬೀಟಿನ ಮನೆ ಮಾಲೀಕರ ಪರಿಚಯವಿದ್ದರೆ, ಅವರಿಗೆ ಪೇದೆಯ ಮೇಲೆ ವಿಶ್ವಾಸವಿದ್ದರೆ ಇಂತಹ ಕೋಣೆಯ ಸುದ್ದಿ ಠಾಣೆಗೆ ತಲುಪುವ ಸಾಧ್ಯತೆ ಹೆಚ್ಚು. ಮಲ್ಪೆಯಲ್ಲಿ ಕೇಂದ್ರ ಕಚೇರಿ ಇರುವ ಕರಾವಳಿ ಕಾವಲು ಪೊಲೀಸರಿಗೂ ಇದೇ ಮಾತು ಅನ್ವಯಿಸುತ್ತದೆ. ಅವರ ಗಸ್ತು ದೋಣಿಗಳಿಗಿಂತ ಮೊದಲು ಅಪರಿಚಿತ ದೋಣಿಯನ್ನು ಕಾಣುವವರು ನಮ್ಮ ಮೀನುಗಾರರು.

ಜನರ ವಿಶ್ವಾಸವೇ ಪೊಲೀಸರ ದೊಡ್ಡ ಆಯುಧ ಎಂದಾಯಿತು. ಈಗ ಪ್ರಶ್ನೆ, ಆ ವಿಶ್ವಾಸವನ್ನು ಒಡೆಯುವುದು ಯಾವುದು?

ಕೂಡ್ಲಿಗಿ ಕಲಿಸಿದ ಪಾಠ

ಅರಸೀಕೆರೆಗೆ ನೆರೆಯ ತಾಲೂಕಾದ ಕೂಡ್ಲಿಗಿಯಲ್ಲಿ 2016ರಲ್ಲಿ ನಡೆದದ್ದು ಇದಕ್ಕೆ ಉತ್ತರ ಹೇಳುತ್ತದೆ. ಆಗ ಅಲ್ಲಿ ಡಿವೈಎಸ್‌ಪಿ ಆಗಿದ್ದವರು ಉಡುಪಿ ಜಿಲ್ಲೆಯ ಅನುಪಮಾ ಶೆಣೈ. ಆ ವರ್ಷ ಜನವರಿಯಲ್ಲಿ ಅವರನ್ನು ಏಕಾಏಕಿ ವಿಜಯಪುರ ಜಿಲ್ಲೆಯ ಇಂಡಿಗೆ ವರ್ಗ ಮಾಡಲಾಯಿತು. ಅಂದಿನ ಕಾರ್ಮಿಕ ಸಚಿವ, ಹಡಗಲಿಯ ಶಾಸಕ ಪಿ. ಟಿ. ಪರಮೇಶ್ವರ ನಾಯ್ಕ್ ಅವರ ದೂರವಾಣಿ ಕರೆಯನ್ನು ಹೋಲ್ಡ್‌ನಲ್ಲಿ ಇಟ್ಟದ್ದೇ ಈ ವರ್ಗಕ್ಕೆ ಕಾರಣ ಎಂಬ ಸುದ್ದಿ ಹಬ್ಬಿತು. ತಾನೇ ವರ್ಗ ಮಾಡಿಸಿದ್ದಾಗಿ ಸಚಿವರು ಹೇಳಿಕೊಂಡರೆನ್ನಲಾದ ವಿಡಿಯೊ ಟಿವಿ ವಾಹಿನಿಗಳಲ್ಲಿ ಪ್ರಸಾರವಾಯಿತು. ಕೂಡ್ಲಿಗಿಯ ಜನ ಅಧಿಕಾರಿಯ ಪರವಾಗಿ ಬೀದಿಗಿಳಿದರು. ಪೊಲೀಸರ ವಿರುದ್ಧ ಬಂದ್ ನಡೆಯುವುದನ್ನು ನಾವು ಕಂಡಿದ್ದೇವೆ. ಪೊಲೀಸ್ ಅಧಿಕಾರಿಯೊಬ್ಬರನ್ನು ಉಳಿಸಿಕೊಳ್ಳಲು ಊರೇ ಬಂದ್ ಆಗುವುದು ಅಪರೂಪ. ಸರಕಾರ ವರ್ಗಾವಣೆಯನ್ನು ಹಿಂತೆಗೆದುಕೊಂಡಿತು.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಕೂಡ್ಲಿಗಿಯ ಅಂಬೇಡ್ಕರ್ ಭವನದ ರಸ್ತೆಗೆ ಸಂಬಂಧಿಸಿದಂತೆ ಮದ್ಯದಂಗಡಿಯೊಂದರ ಕಟ್ಟಡದ ವಿವಾದ ಎದ್ದಿತು. ಬಂಧನ, ಪ್ರತಿಭಟನೆ, ಒತ್ತಡಗಳ ನಡುವೆ 2016ರ ಜೂನ್ 4ರಂದು ಅನುಪಮಾ ಶೆಣೈ ರಾಜೀನಾಮೆ ನೀಡಿದರು. ಕೆಲವೇ ದಿನಗಳಲ್ಲಿ ಅದು ಅಂಗೀಕಾರವಾಯಿತು. ಅದೇ ತಿಂಗಳು ನಡೆದ ಸಂಪುಟ ಪುನಾರಚನೆಯಲ್ಲಿ ಸಚಿವರೂ ಸ್ಥಾನ ಕಳೆದುಕೊಂಡರು. ಶೆಣೈ ಅವರು 2018ರ ಚುನಾವಣೆಯಲ್ಲಿ ಕಾಪು ಕ್ಷೇತ್ರದಿಂದ ಸ್ಪರ್ಧಿಸಿ ಸೋತರು.

ಈ ಪ್ರಕರಣದಲ್ಲಿ ಯಾರು ಎಷ್ಟು ಸರಿ ಎಂದು ತೀರ್ಪು ನೀಡುವುದು ಈ ಲೇಖನದ ಉದ್ದೇಶವಲ್ಲ. ಅಧಿಕಾರಿಯ ನಡೆಯ ಬಗ್ಗೆಯೂ ಭಿನ್ನಾಭಿಪ್ರಾಯಗಳಿದ್ದವು. ಆದರೆ ಅದರಿಂದ ಕೆಳಗಿನ ಸಿಬ್ಬಂದಿಗೆ ಹೋದ ಸಂದೇಶ ಏನು? ಡಿವೈಎಸ್‌ಪಿಗೇ ಹೀಗಾದರೆ ಅರಸೀಕೆರೆಯ ಸಬ್ ಇನ್‌ಸ್ಪೆಕ್ಟರ್ ಗತಿ ಏನು? ಮದ್ಯದಂಗಡಿಯ ಮೇಲೆ, ಅಕ್ರಮ ಮರಳಿನ ಲಾರಿಯ ಮೇಲೆ ಕೈ ಹಾಕುವ ಮೊದಲು ಅವನು ಯಾರ ಮುಖ ನೋಡುತ್ತಾನೆ? ಮರಳಿನ ಲಾರಿಯನ್ನು ಕಂಡೂ ಕಾಣದಂತೆ ಇರಲು ಕಲಿತ ಕಣ್ಣು, ಮುಂದೊಂದು ದಿನ ಸ್ಫೋಟಕ ತುಂಬಿದ ಲಾರಿಯನ್ನೂ ಕಾಣುವುದಿಲ್ಲ.

ಕರಾವಳಿಗೆ ಗೊತ್ತಿರುವ ನೋವು

ಕರಾವಳಿಯ ಕ್ರೈಸ್ತರಾದ ನಮಗೆ ಈ ಮಾತು ಪುಸ್ತಕದಲ್ಲಿ ಓದಿ ತಿಳಿಯಬೇಕಾದದ್ದಲ್ಲ. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನ ಮಿಲಾಗ್ರಿಸ್ ಚರ್ಚ್ ಸಮೀಪದ ಕ್ಲಾರಾ ಭಗಿನಿಯರ ಆರಾಧನಾ ಮಠಕ್ಕೆ ದುಷ್ಕರ್ಮಿಗಳು ನುಗ್ಗಿದರು. ಪರಮ ಪ್ರಸಾದವನ್ನು ಅಪವಿತ್ರಗೊಳಿಸಿದರು. ಅದೇ ದಿನ ಕರಾವಳಿಯ ಇತರ ಪ್ರಾರ್ಥನಾಲಯಗಳ ಮೇಲೂ ದಾಳಿಗಳಾದವು. ನೊಂದ ಜನ ಪ್ರತಿಭಟನೆಗಿಳಿದಾಗ ಕುಲಶೇಖರ, ಪೆರ್ಮನ್ನೂರು ಮುಂತಾದೆಡೆ ಪೊಲೀಸರ ಲಾಠಿ ಬಿದ್ದದ್ದು ಪ್ರತಿಭಟಿಸಿದವರ ಮೇಲೆಯೇ. ರಕ್ಷಣೆ ಕೇಳಿ ನಿಂತವರೇ ಪೆಟ್ಟು ತಿಂದರು. ನ್ಯಾಯಮೂರ್ತಿ ಬಿ. ಕೆ. ಸೋಮಶೇಖರ ಆಯೋಗ 2010ರ ಮಧ್ಯಂತರ ವರದಿಯಲ್ಲಿ ಆಡಳಿತ ಮತ್ತು ಪೊಲೀಸರ ಲೋಪಗಳನ್ನು ಎತ್ತಿ ತೋರಿಸಿತ್ತು. 2011ರ ಜನವರಿಯ ಅಂತಿಮ ವರದಿಯನ್ನು ಕ್ರೈಸ್ತ ಸಂಘಟನೆಗಳು ಒಪ್ಪಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು ಎಂಬ ಗಾದೆಯ ಅರ್ಥ ನಮಗೆ ಅಂದು ಆಯಿತು.

2008ರಲ್ಲಿ ರಾಜ್ಯವನ್ನು ಆಳುತ್ತಿದ್ದದ್ದು ಬಿಜೆಪಿ. ಕೂಡ್ಲಿಗಿಯ ಪ್ರಕರಣ ನಡೆದ 2016ರಲ್ಲಿ ಇದ್ದದ್ದು ಕಾಂಗ್ರೆಸ್ ಸರಕಾರ. ಪಕ್ಷ ಬದಲಾದರೂ ಠಾಣೆ ಆಳುವವರ ಕಡೆಗೆ ನೋಡುವ ಅಭ್ಯಾಸ ಬದಲಾಗಲಿಲ್ಲ. ಆದ್ದರಿಂದ ಇದನ್ನು ಒಂದು ಪಕ್ಷದ ದೋಷವೆಂದು ತಳ್ಳಿಹಾಕಿ ನೆಮ್ಮದಿಯಿಂದ ಇರುವಂತಿಲ್ಲ.

2025ರ ಬೇಸಿಗೆಯಲ್ಲಿ ಮತ್ತೆ ಕಂಡದ್ದೇನು? ಏಪ್ರಿಲ್ 27ರಂದು ಕುಡುಪುವಿನಲ್ಲಿ ಹೊರರಾಜ್ಯದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಮೊದಲಿಗೆ ದಾಖಲಾದದ್ದು ಅಸಹಜ ಸಾವು ಎಂದು. ಬಳಿಕ ಕರ್ತವ್ಯಲೋಪಕ್ಕಾಗಿ ಇನ್‌ಸ್ಪೆಕ್ಟರ್ ಸೇರಿ ಮೂವರು ಪೊಲೀಸರು ಅಮಾನತಾದರು. ಮೇ 1ರಂದು ಬಜ್ಪೆಯಲ್ಲಿ ಒಬ್ಬನ, ಮೇ 27ರಂದು ಬಂಟ್ವಾಳ ತಾಲೂಕಿನಲ್ಲಿ ಇನ್ನೊಬ್ಬನ ಕೊಲೆಯಾಯಿತು. ಜೂನ್ 13ರಂದು ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗಾಗಿ 248 ಸಿಬ್ಬಂದಿಯ ವಿಶೇಷ ಕಾರ್ಯಪಡೆಗೆ ಮಂಗಳೂರಿನಲ್ಲಿ ಚಾಲನೆ ದೊರೆಯಿತು. ನಕ್ಸಲ್ ನಿಗ್ರಹ ದಳದಲ್ಲಿದ್ದವರನ್ನೇ ಇದಕ್ಕೆ ಬಳಸಿಕೊಳ್ಳಲಾಯಿತು. ಪಡೆ ಬೇಕು ನಿಜ. ಆದರೆ ಮೊದಲ ದಿನವೇ ಠಾಣೆ ಸತ್ಯವನ್ನು ಸತ್ಯವೆಂದು ಬರೆದುಕೊಳ್ಳದಿದ್ದರೆ ಎಷ್ಟು ಪಡೆ ಕಟ್ಟಿದರೂ ಜನರ ಸಂಶಯ ಹೋಗುವುದಿಲ್ಲ.

ಇನ್ನೊಂದು ಘಟನೆಯನ್ನೂ ಮರೆಯಬಾರದು. 2025ರ ಮಾರ್ಚ್‌ನಲ್ಲಿ ಮಲ್ಪೆ ಬಂದರಿನಲ್ಲಿ ಮೀನು ಕದ್ದಳೆಂಬ ಆರೋಪ ಹೊರಿಸಿ, ಘಟ್ಟದ ಮೇಲಿನಿಂದ ದುಡಿಯಲು ಬಂದಿದ್ದ ದಲಿತ ಮಹಿಳೆಯನ್ನು ಮರಕ್ಕೆ ಕಟ್ಟಿ ಹೊಡೆಯಲಾಯಿತು. ವಿಡಿಯೊ ಹರಿದಾಡಿದ ಬಳಿಕ ಪೊಲೀಸರು ಪ್ರಕರಣ ದಾಖಲಿಸಿ ಆರೋಪಿಗಳನ್ನು ಬಂಧಿಸಿದರು. ಬಂಧನವನ್ನು ವಿರೋಧಿಸಿ ಮಲ್ಪೆಯಲ್ಲಿ ಪ್ರತಿಭಟನೆಯೂ ನಡೆಯಿತು. ಇಲ್ಲಿ ಪೊಲೀಸರು ಮಾಡಿದ್ದು ತಮ್ಮ ಕರ್ತವ್ಯ. ತಪ್ಪಿದವರು ಕರಾವಳಿಯ ಜನ. ಹರಪನಹಳ್ಳಿ, ಕೂಡ್ಲಿಗಿಯಂತಹ ಬರಡು ಸೀಮೆಗಳಿಂದ ಗುಳೆ ಬರುವವರಿಗೆ ನಮ್ಮ ಊರೇ ಪರದೇಶವಾದರೆ, ದೇಶದ ಭದ್ರತೆ ಎಂಬ ಮಾತಿಗೆ ಅರ್ಥವೇನು?

ಅಪರಿಚಿತರ ಭಯ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ನಮ್ಮ ರಾಜ್ಯ 2018ರಲ್ಲಿ ಕಂಡಿತು. ಆ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಕೊಂದುಹಾಕಿತು. ಅವನ ಸಂಗಡಿಗರು ಬದುಕುಳಿದದ್ದು ಗುಂಪಿನ ನಡುವೆ ನುಗ್ಗಿ ಪೆಟ್ಟು ತಿಂದ ಪೊಲೀಸರಿಂದ. ಜನ ಹೆದರಿದಾಗ ನಿಜ ಯಾವುದು, ಸುಳ್ಳು ಯಾವುದು ಎಂದು ಊರಿಗೆ ಹೇಳಬಲ್ಲವನು ಊರು ನಂಬುವ ಪೊಲೀಸ್ ಮಾತ್ರ.

ಸುಪ್ರೀಂ ಕೋರ್ಟ್ ತೋರಿದ ದಾರಿ

ಈ ರೋಗಕ್ಕೆ ಔಷಧ ಗೊತ್ತಿಲ್ಲದೆ ಏನಿಲ್ಲ. 1977ರಲ್ಲಿ ನೇಮಕವಾದ ರಾಷ್ಟ್ರೀಯ ಪೊಲೀಸ್ ಆಯೋಗ 1981ರೊಳಗೆ ಎಂಟು ವರದಿಗಳನ್ನು ಕೊಟ್ಟಿತು. ಅವು ಕಪಾಟು ಸೇರಿದವು. ನಿವೃತ್ತ ಪೊಲೀಸ್ ಮಹಾನಿರ್ದೇಶಕ ಪ್ರಕಾಶ್ ಸಿಂಗ್ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2006ರ ಸೆಪ್ಟೆಂಬರ್ 22ರಂದು ನ್ಯಾಯಾಲಯ ಏಳು ನಿರ್ದೇಶನಗಳನ್ನು ನೀಡಿತು. ಅವುಗಳಲ್ಲಿ ಸಾಮಾನ್ಯ ಜನರಿಗೆ ನೇರವಾಗಿ ಸಂಬಂಧಿಸಿದವು ನಾಲ್ಕು. ಎಸ್‌ಪಿ ಹಾಗೂ ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷದ ಅವಧಿ. ವರ್ಗಾವಣೆ ನಿರ್ಧರಿಸಲು ಪೊಲೀಸ್ ಅಧಿಕಾರಿಗಳದ್ದೇ ಮಂಡಳಿ. ತನಿಖೆ ಮತ್ತು ಕಾನೂನು ಸುವ್ಯವಸ್ಥೆಯ ಕೆಲಸಗಳ ಬೇರ್ಪಡೆ. ಪೊಲೀಸರ ವಿರುದ್ಧದ ದೂರು ಕೇಳಲು ರಾಜ್ಯ ಮತ್ತು ಜಿಲ್ಲಾ ಮಟ್ಟದ ಪ್ರಾಧಿಕಾರ.

ಕರ್ನಾಟಕ 2012ರಲ್ಲಿ ತನ್ನ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಠಾಣಾಧಿಕಾರಿಗಳ ಕನಿಷ್ಠ ಅವಧಿಯನ್ನು ಎರಡು ವರ್ಷಕ್ಕೆ ಏರಿಸಲು 2024ರಲ್ಲಿ ಮತ್ತೊಂದು ತಿದ್ದುಪಡಿ ಬೇಕಾಯಿತು. ಕಾಗದದ ಮೇಲೆ ಬಹಳಷ್ಟಿದೆ. ಆದರೆ ಶಾಸಕರ ಶಿಫಾರಸು ಪತ್ರವಿಲ್ಲದೆ ಒಳ್ಳೆಯ ಠಾಣೆ ಸಿಗದು ಎಂಬ ನಂಬಿಕೆ ಇಲಾಖೆಯ ಒಳಗೂ ಹೊರಗೂ ಇರುವ ತನಕ ಕಾಗದ ಕಾಗದವಾಗಿಯೇ ಉಳಿಯುತ್ತದೆ. ಎರಡು ವರ್ಷ ಒಂದೇ ಠಾಣೆಯಲ್ಲಿ ಇರುವ ಅಧಿಕಾರಿಗೆ ಊರಿನ ತಾಂಡಾ, ಕೇರಿ, ಮಸೀದಿ, ಗುಡಿ, ಚರ್ಚುಗಳ ಪರಿಚಯವಾಗುತ್ತದೆ. ಆರು ತಿಂಗಳಿಗೊಮ್ಮೆ ಪೆಟ್ಟಿಗೆ ಕಟ್ಟುವವನಿಗೆ ಪರಿಚಯವಾಗುವುದು ತನ್ನನ್ನು ಅಲ್ಲಿಗೆ ಹಾಕಿಸಿದವರದು ಮಾತ್ರ.

ಪೇದೆಯೂ ಮನುಷ್ಯನೇ

ಪೊಲೀಸರನ್ನು ದೂರುವುದು ಸುಲಭ. ಅವರ ಬದುಕನ್ನೂ ನೋಡಬೇಕು. ಕೂಡ್ಲಿಗಿಯ ಡಿವೈಎಸ್‌ಪಿ ರಾಜೀನಾಮೆ ಕೊಟ್ಟ ದಿನ, ಅಂದರೆ 2016ರ ಜೂನ್ 4ರಂದೇ, ರಾಜ್ಯದ ಪೊಲೀಸ್ ಸಿಬ್ಬಂದಿ ಸಾಮೂಹಿಕ ರಜೆ ಹಾಕುವ ಕರೆ ಇತ್ತು. ಕಡಿಮೆ ಸಂಬಳ, ಸಿಗದ ವಾರದ ರಜೆ, ಮೇಲಧಿಕಾರಿಗಳ ಮನೆಯ ಆರ್ಡರ್ಲಿ ಚಾಕರಿ - ಇವು ಅವರ ಅಳಲು. ಕರೆ ಕೊಟ್ಟ ಸಂಘಟನೆಯ ನಾಯಕನನ್ನು ದೇಶದ್ರೋಹದ ಮೊಕದ್ದಮೆ ಹೂಡಿ ಬಂಧಿಸಲಾಯಿತು. ಮುಷ್ಕರ ನಡೆಯಲಿಲ್ಲ. ಆದರೆ ಅಳಲು ಸುಳ್ಳಾಗಿರಲಿಲ್ಲ ಎಂಬುದಕ್ಕೆ ಔರಾದ್ಕರ್ ಸಮಿತಿಯ ವರದಿಯ ಆಧಾರದಲ್ಲಿ 2019ರಲ್ಲಿ ಆದ ವೇತನ ಪರಿಷ್ಕರಣೆಯೇ ಸಾಕ್ಷಿ. ರಜೆ ಕೇಳಿದ ಪೊಲೀಸನನ್ನು ದೇಶದ ಶತ್ರುವೆಂದು ಕಂಡ ವ್ಯವಸ್ಥೆ, ಅದೇ ಪೊಲೀಸನಿಂದ ದೇಶದ ಶತ್ರುಗಳನ್ನು ಹಿಡಿಯಿರಿ ಎಂದು ನಿರೀಕ್ಷಿಸುವುದು ವಿಚಿತ್ರ.

ಲೂಕನ ಶುಭಸಂದೇಶದ ಮೂರನೇ ಅಧ್ಯಾಯದಲ್ಲಿ ಸೈನಿಕರು ಸ್ನಾನಿಕ ಯೊವಾನ್ನನ ಬಳಿಗೆ ಬಂದು ತಾವೇನು ಮಾಡಬೇಕೆಂದು ಕೇಳುತ್ತಾರೆ. ಕೆಲಸ ಬಿಟ್ಟುಬಿಡಿ ಎಂದು ಅವನು ಹೇಳುವುದಿಲ್ಲ. ಬಲ ಬಳಸಿ ಯಾರಿಂದಲೂ ಹಣ ಕೀಳದೆ, ಸುಳ್ಳು ಆರೋಪ ಹೊರಿಸದೆ, ಸಿಗುವ ಸಂಬಳಕ್ಕೆ ತೃಪ್ತರಾಗಿರುವಂತೆ ಬುದ್ಧಿ ಹೇಳುತ್ತಾನೆ. ಸಮವಸ್ತ್ರದ ಕೆಲಸ ಪಾಪವಲ್ಲ, ಅದನ್ನು ದುರುಪಯೋಗ ಮಾಡುವುದು ಪಾಪ ಎಂಬುದೇ ಇದರ ತಾತ್ಪರ್ಯ. ಆದರೆ ತೃಪ್ತನಾಗಿರು ಎಂದು ಪೇದೆಗೆ ಹೇಳುವ ಸಮಾಜ, ತೃಪ್ತಿಪಡುವಷ್ಟು ಸಂಬಳವನ್ನೂ ಮನೆಯವರ ಜೊತೆ ಕಳೆಯಲು ಒಂದು ಭಾನುವಾರವನ್ನೂ ಅವನಿಗೆ ಕೊಡಬೇಕು.

ನಮ್ಮ ಪಾಲಿನ ಕೆಲಸ

ಹಾಗಾದರೆ ನಾವು ಮಾಡಬೇಕಾದದ್ದೇನು? ಚುನಾವಣೆಗೆ ಮತ ಕೇಳಲು ಬರುವವರಲ್ಲಿ ರಸ್ತೆ, ಸಭಾಭವನ, ಅನುದಾನಗಳ ಬಗ್ಗೆ ಕೇಳುತ್ತೇವೆ. ನಮ್ಮ ಠಾಣಾಧಿಕಾರಿಯನ್ನು ಎರಡು ವರ್ಷ ಮುಟ್ಟದೆ ಬಿಡುತ್ತೀರಾ ಎಂದು ಇನ್ನು ಮುಂದೆ ಅದನ್ನೂ ಕೇಳೋಣ. ಪೊಲೀಸ್ ದೂರು ಪ್ರಾಧಿಕಾರದ ಬಗ್ಗೆ ನಮ್ಮ ಚರ್ಚ್ ಪಾಲನಾ ಮಂಡಳಿಗಳಲ್ಲಿ, ಕಥೊಲಿಕ್ ಸಭಾ ಘಟಕಗಳಲ್ಲಿ ತಿಳುವಳಿಕೆ ಕೊಡೋಣ. ಪೊಲೀಸರು ಕರೆಯುವ ಶಾಂತಿ ಸಭೆಗಳಿಗೆ ಹಬ್ಬದ ಹಿಂದಿನ ದಿನ ಮಾತ್ರ ಹೋಗದೆ ವರ್ಷವಿಡೀ ಸಂಪರ್ಕ ಇಟ್ಟುಕೊಳ್ಳೋಣ. 2017ರಲ್ಲಿ ರಾಜ್ಯ ಸುಧಾರಿತ ಗಸ್ತು ವ್ಯವಸ್ಥೆ ತಂದು ಪ್ರತಿ ಬೀಟಿಗೂ ಒಬ್ಬ ಪೊಲೀಸನನ್ನು ಹೊಣೆ ಮಾಡಿತು. 2025ರಲ್ಲಿ "ಮನೆ ಮನೆಗೆ ಪೊಲೀಸ್" ಕಾರ್ಯಕ್ರಮ ಶುರುವಾಯಿತು. ಮನೆ ಬಾಗಿಲಿಗೆ ಬಂದ ಪೇದೆಗೆ ಒಂದು ಲೋಟ ನೀರು ಕೊಟ್ಟು ಹೆಸರು ಕೇಳುವುದರಿಂದ ನಮಗೆ ನಷ್ಟವಿಲ್ಲ. ನಮ್ಮೂರಿಗೆ ದುಡಿಯಲು ಬಂದ ಅರಸೀಕೆರೆಯ, ಕೊಟ್ಟೂರಿನ ಕುಟುಂಬಗಳಿಗೆ ಕಷ್ಟ ಬಂದಾಗ ಅವರ ಜೊತೆ ಠಾಣೆಗೆ ಹೋಗಿ ನಿಲ್ಲುವುದೂ ನಮ್ಮ ವಿಶ್ವಾಸದ ಭಾಗವೇ.

ಕೂಡ್ಲಿಗಿಯಲ್ಲಿ ಮಹಾತ್ಮ ಗಾಂಧಿಯವರ ಚಿತಾಭಸ್ಮ ಇಟ್ಟ ಸ್ಮಾರಕವೊಂದಿದೆ. ಕಟ್ಟಕಡೆಯ ಬಡವನ ಮುಖವನ್ನು ನೆನೆದು ಆಡಳಿತ ನಡೆಸಬೇಕೆಂದು ಬಯಸಿದವರು ಅವರು. ಅದೇ ಅಳತೆಗೋಲನ್ನು ಭದ್ರತೆಗೂ ಹಿಡಿಯಬಹುದು. ಅರಸೀಕೆರೆಯ ತಾಂಡಾದ ಮಹಿಳೆಯೊಬ್ಬಳು ರಾತ್ರಿ ಹೊತ್ತು ಶಿಫಾರಸಿನ ಫೋನಿಲ್ಲದೆ ಠಾಣೆಗೆ ಹೋಗಿ, ತನ್ನ ದೂರು ಬರೆಸಿ, ರಸೀದಿ ಪಡೆದು ಮನೆಗೆ ಮರಳುವಂತಾದರೆ ಈ ದೇಶ ಭದ್ರವಾಗಿದೆ ಎನ್ನಬಹುದು. ಅಂತಹ ಠಾಣೆಗೆ ಜನ ಸುದ್ದಿಯನ್ನೂ ತಾವಾಗಿ ತಂದು ಮುಟ್ಟಿಸುತ್ತಾರೆ.